ಗುಂಡ್ಯಾನ ಎಲುಬು, ಧಾರವಾಡದ ಬಿಸಿಲು

ನಮ್ಮ ಮನೆಯಲ್ಲಿ ಈಗ ಒಂದು ಹಸಿರು ಇಗುವಾನಾ ಇದೆ, ಹಲ್ಲಿ ಜಾತಿಯ ದೊಡ್ಡ ಪ್ರಾಣಿ, ಹೆಸರು ಗುಂಡ್ಯಾ. ನೋಡಲು ಬಂದವರೆಲ್ಲ ಮೊದಲು ಕೇಳುವುದು, "ಇದು ಉಡ ಅಲ್ಲೇನ್ರೀ?" ಅಂತ. ಅಲ್ಲ. ಉಡ ನಮ್ಮ ನೆಲದ್ದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಮನೆಯಲ್ಲಿ ಇಟ್ಟುಕೊಳ್ಳುವ ಹಾಗೇ ಇಲ್ಲ. ಇಗುವಾನಾ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಅಂಗೈಯಷ್ಟಿದ್ದಾಗ ಮುದ್ದಾಗಿ ಕಾಣುತ್ತದೆ, ಜನ ಕೊಳ್ಳುತ್ತಾರೆ. ಬಾಲ ಸೇರಿ 5 ಅಡಿ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ 15 ವರ್ಷ ಬದುಕುತ್ತದೆ ಅನ್ನೋದನ್ನ ಮಾರುವವರು ಹೇಳುವುದೇ ಇಲ್ಲ. ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ.

ಗುಂಡ್ಯಾ ಮೊದಲು ಹುಬ್ಬಳ್ಳಿ ವಿದ್ಯಾನಗರದ ಒಂದು ಬಾಡಿಗೆ ಮನೆಯಲ್ಲಿದ್ದ. ಸಾಕಿದ ಹುಡುಗನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತ್ತು, ಅಣ್ಣನ ಗೆಳೆಯರ ಕಡೆಯಿಂದ ಸುದ್ದಿ ನಮಗೆ ಬಂತು. ಇಂಥ ಪ್ರಾಣಿಗಳನ್ನು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, ಕೈ ಬದಲಾದರೆ ಅದನ್ನೂ ತಿಳಿಸಬೇಕು. ಆ ಕಾಗದಪತ್ರ ಮುಗಿಸಿಕೊಂಡೇ ಧಾರವಾಡಕ್ಕೆ ತಂದೆವು. ದುಂಡುದುಂಡಗಿನ ತೊಡೆ ನೋಡಿ ಆ ಹುಡುಗನೇ ಗುಂಡ್ಯಾ ಅಂತ ಹೆಸರಿಟ್ಟಿದ್ದನಂತೆ. ಆದರೆ ಅವನು ಮೈ ತುಂಬಿಕೊಂಡಿರಲಿಲ್ಲ. ಆ ಊತವೇ ರೋಗ.

ವಿಷಯ ಇಷ್ಟು. ಮೈಮೇಲೆ ಬಿಸಿಲಿನಲ್ಲಿರುವ ಯುವಿ-ಬಿ ಅನ್ನೋ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಬಿದ್ದರೆ ಇಗುವಾನಾದ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಆಗ ದೇಹ ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಎಲುಬು ಮೆತ್ತಗಾಗಿ ಅದರ ಸುತ್ತ ನಾರಿನಂಥ ಅಂಗಾಂಶ ಬೆಳೆದು ಕಾಲು ದಪ್ಪ ಕಾಣುತ್ತದೆ. ಆ ಹುಡುಗ ಪ್ರೀತಿಯಿಂದಲೇ ಸಾಕಿದ್ದ, ಪಂಜರವನ್ನು ದಿನಾ ಬಿಸಿಲು ಬರುವ ಕಿಟಕಿ ಪಕ್ಕದಲ್ಲೇ ಇಟ್ಟಿದ್ದ. ಆದರೆ ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಯುವಿ-ಬಿಯನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ.

ನಮ್ಮೂರಲ್ಲಿ ನಾವು ಹೋದ ಡಾಕ್ಟರ್ ಹೆಚ್ಚಾಗಿ ನಾಯಿ, ಎಮ್ಮೆ ನೋಡುವವರು. ಆದರೂ ಕೈಚೆಲ್ಲಲಿಲ್ಲ. ಎಕ್ಸ್‌ರೇ ತೆಗೆದು, ಬೆಂಗಳೂರಿನಲ್ಲಿ ಇಂಥ ಪ್ರಾಣಿ ನೋಡುವ ಇನ್ನೊಬ್ಬ ಡಾಕ್ಟರ್‌ಗೆ ವಿಡಿಯೋ ಕಾಲ್ ಮಾಡಿದರು. ಆ ಎಕ್ಸ್‌ರೇಯಲ್ಲಿ ಎಲುಬು ಎಲ್ಲಿ ಮುಗಿದು ಮಾಂಸ ಎಲ್ಲಿ ಶುರುವಾಗುತ್ತದೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಹಿಂಗಾಲಲ್ಲಿ ಹಳೆಯದೊಂದು ಮುರಿತ, ಓರೆಯಾಗಿಯೇ ಕೂಡಿಕೊಂಡಿತ್ತು. ಮುಂಗಾಲಿನ ಬೆರಳುಗಳು ಸುಮ್ನೆ ಕೂತಾಗಲೂ ಅದುರುತ್ತಿದ್ದವು.

ಮೊದಮೊದಲು ಕ್ಯಾಲ್ಸಿಯಂ ಸಿರಪ್ ಕುಡಿಸುವುದೇ ದೊಡ್ಡ ಕೆಲಸ. ದವಡೆ ರಬ್ಬರಿನಷ್ಟು ಮೆತ್ತಗೆ, ಬಾಯಿ ಬಲವಂತವಾಗಿ ತೆರೆದರೆ ಮುರಿದೇ ಹೋದೀತು ಅಂದಿದ್ದರು. ಹಾಗಾಗಿ ಸೂಜಿ ತೆಗೆದ ಸಿರಿಂಜಿನಿಂದ ತುಟಿ ಅಂಚಿಗೆ ಒಂದೊಂದೇ ಹನಿ. ಹನಿ ಅಲ್ಲೇ ನಿಲ್ಲುತ್ತದೆ, ಅವನು ನಮ್ಮನ್ನೇ ದಿಟ್ಟಿಸಿ ನೋಡುತ್ತಾನೆ, ಆಮೇಲೆ ಗುಲಾಬಿ ಬಣ್ಣದ ನಾಲಿಗೆ ಹೊರಬಂದು ನೆಕ್ಕಿ ಒಳಗೆ ಹೋಗುತ್ತದೆ. ಆಗ ಮುಂದಿನ ಹನಿ. ಎತ್ತುವಾಗ ಒಂದು ಕೈ ಎದೆ ಕೆಳಗೆ, ಇನ್ನೊಂದು ಸೊಂಟದ ಕೆಳಗೆ, ಬಾಲ ಹಿಡಿಯುವಂತಿಲ್ಲ. ಮರ ಹತ್ತುವ ಪ್ರಾಣಿಯಾದರೂ ಪಂಜರದ ಕೊಂಬೆಯನ್ನು ಗೇಣು ಎತ್ತರಕ್ಕೆ ಇಳಿಸಿದೆವು, ಬಿದ್ದರೆ ಮತ್ತೆ ಮುರಿತ ಅಲ್ವಾ.

ಊಟದ ಹೊಣೆ ಅವ್ವಂದು. ಸೂಪರ್ ಮಾರ್ಕೆಟ್‌ಗೆ ಹೋಗಿ ಅವನಿಗಂತಲೇ ತಪ್ಪಲು ಆರಿಸಿ ತರುತ್ತಾಳೆ. ನುಗ್ಗಿ ತಪ್ಪಲು, ಹಿಪ್ಪುನೇರಳೆ ಎಲೆ, ದಾಸವಾಳದ ಹೂವು ಮತ್ತು ಎಲೆ, ತುರಿದ ಕುಂಬಳಕಾಯಿ, ಎಲ್ಲ ಸಣ್ಣಗೆ ಹೆಚ್ಚಿ ಮೇಲೆ ಚಿಟಿಕೆ ಕ್ಯಾಲ್ಸಿಯಂ ಪುಡಿ. ಪಾಲಕ್ ಮತ್ತು ರಾಜಗಿರಿ ದಿನಾ ಹಾಕಬಾರದು, ಅವುಗಳಲ್ಲಿನ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಅನ್ನೇ ಕಟ್ಟಿಹಾಕುತ್ತದೆ. ಪಕ್ಕದ ಮನೆ ಕಾಕು ಒಂದಿನ ಕೇಳಿದರು, "ದಿನಾ ಒಂದು ತತ್ತಿ ಹಾಕ್ರಲ್ಲ, ಶಕ್ತಿ ಬರ್ತೈತಿ." ಅವ್ವ ತಕ್ಷಣ, "ಬ್ಯಾಡ್ರೀ ಕಾಕು, ಇದು ಬರೇ ತಪ್ಪಲಾ ತಿನ್ನೂ ಜೀವ, ತತ್ತಿ ಕೊಟ್ರ ಕಿಡ್ನಿ ಹೋಗ್ತಾವು" ಅಂದಳು. ಇಗುವಾನಾಗೆ ಮಾಂಸ, ಮೊಟ್ಟೆ ಜಾಸ್ತಿಯಾದರೆ ಮೂತ್ರಪಿಂಡ ಹಾಳಾಗುವುದು ನಿಜವೇ. ನೀರೂ ಅಷ್ಟೇ ಮುಖ್ಯ, ಅದಕ್ಕೇ ಉಗುರುಬೆಚ್ಚಗಿನ ನೀರಿನ ಟಬ್‌ನಲ್ಲಿ ಸ್ವಲ್ಪ ಹೊತ್ತು ಬಿಡುತ್ತೇವೆ. ಈ ರೋಗದಲ್ಲಿ ಮಲಬದ್ಧತೆ ಬರುವುದು ಸಾಮಾನ್ಯ, ಅದಕ್ಕೂ ಇದು ಒಳ್ಳೆಯದು.

ನಿಜವಾದ ಔಷಧ ಮಾತ್ರ ಮಾಳಿಗೆ ಮೇಲಿನದು. ತಂತಿ ಜಾಲರಿಯ ಪಂಜರ, ಅರ್ಧಕ್ಕೆ ಗೋಣಿಚೀಲದ ನೆರಳು, ಬೆಳಗಿನ ಬಿಸಿಲು. ಮೊದಲು ಮೈ ಕಪ್ಪಗೆ ಮಾಡಿಕೊಂಡು ಪಕ್ಕೆ ಅಗಲಿಸಿ ಕೂರುತ್ತಾನೆ, ಕಾದ ಮೇಲೆ ಬಣ್ಣ ತಿಳಿಯಾಗುತ್ತದೆ. ಬಾಯಿ ತೆರೆದರೆ ಸೆಕೆ ಜಾಸ್ತಿಯಾಯಿತು ಅಂತ ಅರ್ಥ, ಹಾಗಾಗಿ ಯಾರಾದರೊಬ್ಬರು ಅಲ್ಲೇ ಕೂತಿರಲೇಬೇಕು. ಬೇಸಿಗೆಯಲ್ಲಿ ಇದು ಸಲೀಸು.

ಧಾರವಾಡದ ಮಳೆಗಾಲ ಮಾತ್ರ ಇವನಿಗೆ ಆಗಿ ಬರುವುದಿಲ್ಲ. ಜಿಟಿಜಿಟಿ ಮಳೆ ಹಿಡಿದರೆ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಆಗ ಯುವಿ-ಬಿ ಟ್ಯೂಬೇ ಗತಿ. ಮನೆಯ ಸಾದಾ ಎಲ್‌ಇಡಿಯಿಂದ ಏನೂ ಪ್ರಯೋಜನವಿಲ್ಲ. ಸರೀಸೃಪಗಳಿಗೆಂದೇ ಮಾಡಿದ ಟ್ಯೂಬ್ ಬೇಕು, ನಡುವೆ ಗಾಜು, ಪ್ಲಾಸ್ಟಿಕ್ ಇರಬಾರದು. ಉರಿಯುತ್ತಲೇ ಇದ್ದರೂ ಆರು ತಿಂಗಳಿಂದ ವರ್ಷದೊಳಗೆ ಅದರ ಯುವಿ-ಬಿ ಕುಗ್ಗಿಹೋಗುತ್ತದೆ, ಬೆಳಕು ನೋಡಿ ಅದನ್ನು ಹೇಳಲಾಗದು. ಹಾಕಿದ ತಾರೀಕನ್ನು ಅಣ್ಣ ಟ್ಯೂಬಿನ ತುದಿಗೇ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದಾನೆ. ಜೊತೆಗೆ ಕಾವು ಬೇಕು. ಅವನು ಕೂರುವ ಜಾಗದಲ್ಲಿ ಸುಮಾರು 35 ಡಿಗ್ರಿ ಇಲ್ಲದಿದ್ದರೆ ತಿಂದದ್ದು ಸರಿಯಾಗಿ ಜೀರ್ಣವಾಗುವುದಿಲ್ಲ. ಬೆಳಕಿಲ್ಲದೆ ಬರೀ ಶಾಖ ಕೊಡುವ ಸೆರಾಮಿಕ್ ಬಲ್ಬ್ ರಾತ್ರಿಗೆ, ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡುವುದು.

ಬೆರಳು ಅದುರುವುದು ಈಗ ನಿಂತಿದೆ. ದವಡೆ ಗಟ್ಟಿಯಾಗಿದೆ, ದಾಸವಾಳದ ಎಲೆಯನ್ನು ಹೆಚ್ಚದೆ ಕೊಟ್ಟರೂ ಕಚ್ಚಿ ಹರಿಯುತ್ತಾನೆ. ಓರೆಯಾದ ಕಾಲು ನೆಟ್ಟಗಾಗುವುದಿಲ್ಲ, ಡಾಕ್ಟರ್ ಮೊದಲೇ ಹೇಳಿದ್ದರು. ಆ ಕಾಲು ಎಳೆದುಕೊಂಡೇ ಮೊನ್ನೆ ಪಂಜರದ ಜಾಲರಿ ಹಿಡಿದು ಮೇಲಿನ ತನಕ ಹತ್ತಿದ. ಅವ್ವ ಒಗೆಯುವುದನ್ನು ಬಿಟ್ಟು ಓಡಿ ಬಂದು ಕೆಳಗೆ ಎರಡೂ ಕೈ ಚಾಚಿ ನಿಂತಿದ್ದಳು. ಮುಂದಿನ ಎಕ್ಸ್‌ರೇ ಚೆನ್ನಾಗಿ ಬಂದರೆ ಕೊಂಬೆಯನ್ನು ಇನ್ನೊಂದು ಗೇಣು ಏರಿಸುತ್ತೇವೆ.