ಕೊಯ್ಯದ ಚಾಕು

ಆಯುಧಪೂಜೆಯ ದಿನ ನಮ್ಮ ಇಂಗ್ಲೆಂಡಿನ ಅಡುಗೆಮನೆಯಲ್ಲಿ ಈಳಿಗೆಮಣೆ, ಕತ್ತರಿ, ಲ್ಯಾಪ್‌ಟಾಪು, ಎಲ್ಲಕ್ಕೂ ಕುಂಕುಮ ಇಟ್ಟಿದ್ದೆ. ಪಕ್ಕದ ಮನೆಯಾಕೆ ನೋಡಿ ನಗಲಿಲ್ಲ. "ಅಕ್ಟೋಬರ್ 31ಕ್ಕೆ ನಮ್ಮದೂ ಹಬ್ಬ, ಬಾ" ಅಂದರು. ಆಕೆ ವಿಕ್ಕನ್, ಅಂದರೆ ಪ್ರಕೃತಿಯನ್ನು ಪೂಜಿಸುವ, ಎಷ್ಟೋ ಸಲ ತಮ್ಮನ್ನು ಮಾಟಗಾತಿಯರೆಂದೇ ಕರೆದುಕೊಳ್ಳುವ ವಿಕ್ಕಾ ಪಂಥದವರು. ಹಬ್ಬದ ಹೆಸರು ಸೌವಿನ್, ಗತಿಸಿದ ಹಿರಿಯರನ್ನು ನೆನೆಯುವ ರಾತ್ರಿ. ಮಹಾಲಯಕ್ಕೆ ಎಡೆ ಇಟ್ಟವಳಿಗೆ ಅದೇನೂ ಹೊಸದೆನಿಸಲಿಲ್ಲ.

ಮೊದಲು ಕಡ್ಡಿಪೊರಕೆಯಿಂದ ಜಾಗ ಗುಡಿಸಿದರು. ಕಸವೇ ಇರಲಿಲ್ಲ, ಆದರೂ ಗುಡಿಸಿದರು. ನೀರಿಗೆ ಉಪ್ಪು ಬೆರೆಸಿ ಸುತ್ತ ಚಿಮುಕಿಸಿದರು. ಪೀಠದ ಮೇಲೆ ಪೃಥ್ವಿಗೆ ಐದು ಮೊನೆಯ ನಕ್ಷತ್ರದ ತಟ್ಟೆ, ಜಲಕ್ಕೆ ಪಾನಪಾತ್ರೆ. ಇನ್ನುಳಿದ ದಂಡ, ಚಾಕುಗಳಲ್ಲಿ ಅಗ್ನಿ ಯಾವುದು, ವಾಯು ಯಾವುದು ಅನ್ನುವಲ್ಲಿ ಅವರವರಲ್ಲೇ ತಕರಾರು. ನಮ್ಮ ತೆಂಗಲೆ-ವಡಗಲೆ ನಾಮದ ಜಗಳ ನೆನಪಾಯಿತು.

ಆ ಚಾಕುವಿಗೆ ಅಥಾಮೆ ಅನ್ನುತ್ತಾರೆ. ಕಪ್ಪು ಹಿಡಿ, ಎರಡೂ ಕಡೆ ಅಲಗು. ಅದರ ಮೊನೆಯಿಂದ ಗಾಳಿಯಲ್ಲೇ ವೃತ್ತ ಎಳೆದು ನಮ್ಮನ್ನು ಒಳಗೆ ಕರೆದುಕೊಂಡರು. 1951ರಲ್ಲಿ ಬ್ರಿಟನ್ನಿನ ಹಳೇ ಮಾಟಗಾತಿ ಕಾಯ್ದೆ ರದ್ದಾದ ಮೇಲೆ ಈ ಪಂಥವನ್ನು ಬಯಲಿಗೆ ತಂದವರು ಜೆರಾಲ್ಡ್ ಗಾರ್ಡ್ನರ್. ಮಲಯದಲ್ಲಿ, ಅಂದರೆ ಈಗಿನ ಮಲೇಷ್ಯಾದಲ್ಲಿ, ಸುಂಕದ ಅಧಿಕಾರಿಯಾಗಿದ್ದವರು, ಅಲ್ಲಿನ ಕ್ರಿಸ್ ಕತ್ತಿಗಳ ಬಗ್ಗೆ 1936ರಲ್ಲೇ ಪುಸ್ತಕ ಬರೆದವರು. ಚಾಕುವಿಗೆ ಇಷ್ಟು ಮರ್ಯಾದೆ ಅಲ್ಲಿಂದಲೇ ಬಂತೋ ಏನೋ. ಇದು ನನ್ನ ಊಹೆ.

ಸಾಮಾನ್ಯವಾಗಿ ಅಥಾಮೆಯಿಂದ ಏನನ್ನೂ ಕೊಯ್ಯುವುದಿಲ್ಲ. ಸೊಪ್ಪು ಕತ್ತರಿಸಲು, ಮೇಣದಬತ್ತಿಯ ಮೇಲೆ ಗುರುತು ಕೆತ್ತಲು ಬಿಳಿ ಹಿಡಿಯ ಬೇರೆ ಚಾಕು ಇದೆ. ನನಗೆ ಆ ಬಿಳಿ ಹಿಡಿಯವನ ಮೇಲೇ ಮರುಕ. ನಮ್ಮಲ್ಲಿ ದುಡಿಯುವ ಆಯುಧಕ್ಕೆ ಒಂದು ದಿನ ರಜೆ, ಮೇಲೆ ಚೆಂಡುಹೂವು. ಇವರಲ್ಲಿ ಪೂಜೆಯ ಚಾಕುವಿಗೆ ಜನ್ಮವಿಡೀ ರಜೆ! ಹಾಗಂದುಕೊಂಡ ಮರುಕ್ಷಣವೇ ಅಮ್ಮನ ಉದ್ಧರಣೆ ಕಣ್ಣಿಗೆ ಬಂತು. ಚಿಕ್ಕವಳಿದ್ದಾಗ ಅದರಲ್ಲಿ ಸಕ್ಕರೆ ಮೊಗೆದು ತಿಂದಿದ್ದೆ. ಅಮ್ಮ ಬೈಯಲಿಲ್ಲ. ಹುಣಸೆಹಣ್ಣು ಹಾಕಿ ಮೂರು ಸಲ ಉಜ್ಜಿ ಉಜ್ಜಿ ತೊಳೆದಳು. ಬೈದಿದ್ದರೇ ವಾಸಿಯಿತ್ತು.

ಕೊನೆಗೆ ಪಾತ್ರೆಯ ವೈನಿಗೆ ಅಥಾಮೆಯ ಮೊನೆ ಅದ್ದಿ ಎಲ್ಲರಿಗೂ ಹಂಚಿದರು. ನಾನು ತುಟಿಗೆ ಮುಟ್ಟಿಸದೆ ಕಣ್ಣಿಗೊತ್ತಿಕೊಂಡು ಮುಂದಕ್ಕೆ ಕೊಟ್ಟೆ. ಮಿಕ್ಕಿದ್ದನ್ನು ಆಕೆ ಹಿತ್ತಲ ಸೇಬಿನ ಮರದ ಬುಡಕ್ಕೆ ಸುರಿಯಲು ಬಗ್ಗಿದಾಗ, ಯಾರೂ ಹೇಳದೆಯೇ ಎರಡು ಹೆಜ್ಜೆ ಹಿಂದೆ ಸರಿದು ನಿಂತೆ, ತುಳಿಯಬಾರದಲ್ಲ.