ಕಪ್ಪು ತಂತಿಯಲ್ಲಿ ಕರೆಂಟು

ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಯಂಥ ನಮ್ಮ ಟ್ರೇಲರಿನ ಎಸಿ ಸುಟ್ಟುಹೋದದ್ದು ಜುಲೈ ತಿಂಗಳ ಒಂದು ಮಧ್ಯಾಹ್ನ, ಟೆಕ್ಸಾಸಿನ ಹಿಲ್ ಕಂಟ್ರಿಯಲ್ಲಿ. ಹೊರಗೆ 40 ಡಿಗ್ರಿ ಬಿಸಿಲು. ತಿಪಟೂರಿನಿಂದ ಬಂದಿದ್ದ ಅಪ್ಪನನ್ನು ಕರೆದುಕೊಂಡು ಆಸ್ಟಿನ್‌ನಿಂದ ಹೊರಟಿದ್ದೆವು. ಕ್ಯಾಂಪ್‌ಗ್ರೌಂಡಿನಲ್ಲಿ ಟ್ರೇಲರ್ ನಿಲ್ಲಿಸಿ, ಅಲ್ಲಿನ ವಿದ್ಯುತ್ ಕಂಬದ ಪೆಟ್ಟಿಗೆಗೆ ನಮ್ಮ 30 ಆಂಪಿಯರ್ ಕೇಬಲ್ ಸಿಕ್ಕಿಸಿದೆ. ಸಾಲಾಗಿ ನಿಂತಿದ್ದ, ನಮ್ಮದರಂತೆಯೇ ಗಾಲಿಯ ಮನೆಗಳಾದ ಆರ್‌ವಿಗಳಲ್ಲೆಲ್ಲ ಎಸಿ ಓಡುತ್ತಿತ್ತು. ಊಟ ಬಿಸಿಮಾಡಲು ಹೋದಾಗ ಮೈಕ್ರೊವೇವ್‌ನ ದನಿ ಕುಗ್ಗಿತ್ತು. ಸ್ವಲ್ಪ ಹೊತ್ತಿಗೆ ಛಾವಣಿಯ ಮೇಲಿನ ಎಸಿ ಹೂಂ ಎಂದು ನರಳಿತು, ಬ್ರೇಕರ್ ಬಿತ್ತು. ಎತ್ತಿದೆ, ಮತ್ತೆ ಬಿತ್ತು. ಇನ್ನೊಮ್ಮೆ ಎತ್ತಿದೆ.

"ಸಾಕು ನಿಲ್ಲಿಸು ಮಗಳೇ" ಎಂದರು ಅಪ್ಪ. "ಅದಕ್ಕೆ ವೋಲ್ಟೇಜ್ ಸಾಲುತ್ತಿಲ್ಲ. ಮೋಟಾರ್ ತಿರುಗಲಾರದೆ ನರಳುತ್ತಿದೆ."

ಮೀಟರ್ ಇಟ್ಟು ನೋಡಿದೆ. ಅಮೆರಿಕದ ಲೆಕ್ಕದಲ್ಲಿ 120 ವೋಲ್ಟ್ ಇರಬೇಕಾದ ಕಡೆ 97. ಕೇಬಲ್ ಕಿತ್ತಾಗ ಪ್ಲಗ್ಗಿನ ಒಂದು ಪಿನ್ನಿನ ಬುಡ ಕಂದಿತ್ತು, ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗಿ ಕುಸಿದಿತ್ತು. ಅಪ್ಪ ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡರು. ಆ ವಾಸನೆ ನನಗೂ ಗೊತ್ತು. ಮೂವತ್ತು ವರ್ಷ ಅವರು ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡಿದವರು. ಬೇಸಿಗೆ ಬಂತೆಂದರೆ ನಮ್ಮ ಅಂಗಡಿಯ ಮುಂದೆ ಸುಟ್ಟ ಮೋಟಾರುಗಳ ಸಾಲು ನಿಲ್ಲುತ್ತಿತ್ತು. ತೆಂಗಿನ ತೋಟಗಳಲ್ಲೆಲ್ಲ ಒಟ್ಟಿಗೆ ಪಂಪ್ ಓಡಿದಾಗ ವೋಲ್ಟೇಜ್ ಕುಸಿಯುತ್ತಿತ್ತು. ಎತ್ತಬೇಕಾದ ನೀರು ಅಷ್ಟೇ ಇರುತ್ತದೆ, ಆದ್ದರಿಂದ ಮೋಟಾರ್ ಕೊರತೆಯನ್ನು ತುಂಬಿಕೊಳ್ಳಲು ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಎರಡು ಪಟ್ಟಾದರೆ ಸುರುಳಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ತಾಮ್ರದ ಮೇಲಿನ ವಾರ್ನಿಷ್ ಎಷ್ಟು ಹೊತ್ತು ತಡೆದೀತು? ಎಸಿಯ ಕಂಪ್ರೆಸರಿನೊಳಗೆ ಇರುವುದೂ ಅಂಥದೇ ಮೋಟಾರ್.

ನನ್ನನ್ನು ಬಹಳ ಕಾಡಿದ್ದು ಬೇರೆಯೇ ಸಂಗತಿ. ನಮ್ಮ ಬಳಿ ಸರ್ಜ್ ಪ್ರೊಟೆಕ್ಟರ್ ಇತ್ತು. ಅಂದೂ ಅದನ್ನು ಸಿಕ್ಕಿಸಿಯೇ ಇದ್ದೆ. ಎಸಿ ಕೆಟ್ಟ ಗಳಿಗೆಯಲ್ಲೂ ಅದರ ಹಸಿರು ದೀಪ ಉರಿಯುತ್ತಿತ್ತು. ಅಗ್ಗದ ಪ್ರೊಟೆಕ್ಟರ್ ಕಾಯುವುದು ಸಿಡಿಲು ಬಡಿದಾಗಲೋ ಲೈನಿನಲ್ಲಿ ಏರುಪೇರಾದಾಗಲೋ ಕ್ಷಣಾರ್ಧದಲ್ಲಿ ನುಗ್ಗುವ ವೋಲ್ಟೇಜ್ ಅನ್ನು ಮಾತ್ರ. ಒಳಗಿನ ವ್ಯಾರಿಸ್ಟರುಗಳೆಂಬ ಬಿಡಿಭಾಗಗಳು ಆ ಹೊಡೆತವನ್ನು ತಾವು ನುಂಗಿ ಸವೆಯುತ್ತವೆ. ಒಳ್ಳೆಯ ಕೆಲಸವೇ. ಆದರೆ ಗಂಟೆಗಟ್ಟಲೆ 97 ವೋಲ್ಟ್ ಮಾತ್ರ ಬಂದರೆ ಅದಕ್ಕೆ ತಿಳಿಯುವುದೇ ಇಲ್ಲ. ಶಿಬಿರಗಳಲ್ಲಿ ಟ್ರೇಲರುಗಳನ್ನು ದಿನದಿನವೂ ತಿನ್ನುವುದು ಸಿಡಿಲಿಗಿಂತ ಹೆಚ್ಚಾಗಿ ಈ ಸದ್ದಿಲ್ಲದ ಕುಸಿತ, ಸಡಿಲ ಸಾಕೆಟ್ಟು, ಅದಲುಬದಲಾದ ತಂತಿ ಮತ್ತು ಅರ್ಥಿಂಗ್ ಇಲ್ಲದ ಕಂಬ ಎಂದೇ ನನ್ನ ಅಭಿಪ್ರಾಯ. ಅರ್ಥಿಂಗ್ ತಪ್ಪಿದ ಕಂಬಕ್ಕೆ ಸಿಕ್ಕಿಸಿದಾಗ ಒಳಗೆಲ್ಲೋ ಕರೆಂಟ್ ಸೋರಿದರೆ ಟ್ರೇಲರಿನ ಇಡೀ ಲೋಹದ ಮೈಗೆ ಕರೆಂಟ್ ಬರುತ್ತದೆ. ಒದ್ದೆ ಕಾಲಿನ ಮಗು ಮೆಟ್ಟಿಲ ಹಿಡಿಯನ್ನು ಮುಟ್ಟಿದರೆ ಏನಾದೀತೆಂದು ನೆನೆದಾಗ ಈಗಲೂ ನನ್ನ ಎದೆ ನಡುಗುತ್ತದೆ.

ಹೊಸ ಎಸಿಗೆ ಸಾವಿರ ಡಾಲರಿಗೂ ಮೀರಿ ತೆತ್ತ ಮೇಲೆ, ಒಳಗೇ ಕೂರಿಸುವ ರಕ್ಷಣಾ ಪೆಟ್ಟಿಗೆಯೊಂದನ್ನು ತರಿಸಿದೆ. ವೋಲ್ಟೇಜ್ 104ಕ್ಕಿಂತ ಇಳಿದರೂ 132ಕ್ಕಿಂತ ಏರಿದರೂ ಅದು ಕರೆಂಟನ್ನು ಕಡಿಯುತ್ತದೆ. ತಂತಿ ತಪ್ಪಿದ್ದರೆ, ಅರ್ಥಿಂಗ್ ಇಲ್ಲದಿದ್ದರೆ ಒಳಗೆ ಬಿಡುವುದೇ ಇಲ್ಲ. ಜೊತೆಗೆ ಸರ್ಜ್ ತಡೆಯೂ ಇದೆ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ವೋಲ್ಟೇಜ್ ಕುಸಿದರೆ ಮೋಟಾರನ್ನು ನಿಲ್ಲಿಸುವ ನಮ್ಮ ಸ್ಟಾರ್ಟರಿನ ನೋ ವೋಲ್ಟ್ ಕಾಯಿಲಿಗೆ ಇದು ತಮ್ಮನಾಗಬೇಕು" ಎಂದರು.

ಒಂದು ಶನಿವಾರ ಮನೆಯ ಮುಂದೆ ಕೆಲಸಕ್ಕೆ ಕೂತೆವು. ಕೇಬಲ್ ಕಿತ್ತಿಟ್ಟು, ಬ್ಯಾಟರಿಯನ್ನೂ ಬಿಡಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಪ್ಯಾನೆಲ್ ಬಿಚ್ಚಿದ್ದು. ಊಟದ ಮೇಜಿನ ಬೆಂಚಿನಡಿ ಪೆಟ್ಟಿಗೆಗೆ ಜಾಗ. ಹೊರಗಿನ ಕೇಬಲ್ ಮೊದಲು ಅದಕ್ಕೆ ಬರಬೇಕು, ಅಲ್ಲಿಂದ 10 ಗೇಜಿನ ಹೊಸ ತಂತಿ ಪ್ಯಾನೆಲ್ಲಿಗೆ ಹೋಗಬೇಕು. ಅಪ್ಪ ತಂತಿಯ ತುದಿ ಸುಲಿದು, ಅಭ್ಯಾಸಬಲದಿಂದ ಕಪ್ಪು ತಂತಿಯನ್ನು ನ್ಯೂಟ್ರಲ್ ಸ್ಕ್ರೂವಿನ ಕಡೆಗೆ ಒಯ್ದರು.

"ಅಪ್ಪ, ಇಲ್ಲಿ ಕಪ್ಪೇ ಫೇಸ್. ಬಿಳಿಯದು ನ್ಯೂಟ್ರಲ್."

ಅವರ ಕೈ ನಿಂತಿತು. ಅವರು ಜೀವಮಾನವಿಡೀ ಕೆಂಪನ್ನು ಫೇಸ್, ಕಪ್ಪನ್ನು ನ್ಯೂಟ್ರಲ್ ಎಂದು ನಂಬಿ ಕೆಲಸ ಮಾಡಿದವರು. "ಕಪ್ಪು ತಂತಿಯಲ್ಲಿ ಕರೆಂಟೇ?" ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಜೇಬಿನಿಂದ ಪೆನ್ನು ತೆಗೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಕನ್ನಡದಲ್ಲಿ ಬರೆದರು: ಕಪ್ಪು - ಫೇಸ್, ಬಿಳಿ - ನ್ಯೂಟ್ರಲ್, ಹಸಿರು - ಅರ್ಥ್. ಅನಂತರ ಪ್ರತಿ ತಂತಿಯನ್ನೂ ಆ ಬರಹಕ್ಕೆ ಹೋಲಿಸಿಯೇ ಬಿಗಿದರು. ಬಿಗಿದದ್ದನ್ನು ಎಳೆದು ನೋಡಿದರು. ಸಡಿಲ ಸ್ಕ್ರೂ ಏನು ಮಾಡುತ್ತದೆಂಬುದಕ್ಕೆ ಆ ಕಂದಿದ ಪ್ಲಗ್ಗು ಪಕ್ಕದಲ್ಲೇ ಬಿದ್ದಿತ್ತು. ಪ್ಯಾನೆಲ್ಲಿನಲ್ಲಿ ನ್ಯೂಟ್ರಲ್ ಪಟ್ಟಿ, ಅರ್ಥ್ ಪಟ್ಟಿ ಬೇರೆ ಬೇರೆ ಇದ್ದುದನ್ನು ಕಂಡು ಅವರಿಗೆ ಸಮಾಧಾನವಾಯಿತು. ಟ್ರೇಲರಿನಲ್ಲಿ ಅವೆರಡು ಕೂಡಲೇಬಾರದು.

ಕೇಬಲ್ ಸಿಕ್ಕಿಸಿದಾಗ ಮೊದಲು ಏನೂ ಆಗಲಿಲ್ಲ. ಪೆಟ್ಟಿಗೆ ಲೈನನ್ನು ಪರೀಕ್ಷಿಸಿ 136 ಸೆಕೆಂಡು ಕಾಯುತ್ತದೆ. ಆಗಷ್ಟೇ ನಿಂತ ಕಂಪ್ರೆಸರ್ ಒತ್ತಡ ಇಳಿಯುವ ಮುನ್ನ ಮತ್ತೆ ಶುರುವಾಗದಿರಲೆಂದು ಈ ಬಿಡುವು. ಅಪ್ಪ ಕೈಗಡಿಯಾರ ನೋಡುತ್ತಾ ಕೂತರು. ಟಕ್ ಎಂಬ ಸದ್ದು. ಪೆಟ್ಟಿಗೆಯ ಅಂಕಿ 121.

ಆಗಸ್ಟಿನಲ್ಲಿ ಮತ್ತೆ ಹೊರಟೆವು, ಬೇರೊಂದು ತಾಣಕ್ಕೆ. ಸಂಜೆ ಎಸಿಯ ಜೊತೆ ನೀರಿನ ಹೀಟರನ್ನೂ ಹಾಕಿದ್ದೆ. ಅಂಕಿ 108, 105 ಎಂದು ಇಳಿದು, ಇದ್ದಕ್ಕಿದ್ದಂತೆ ಎಸಿ ಸ್ತಬ್ಧವಾಯಿತು. ಹೀಟರನ್ನು ಆರಿಸಿ ಕಾದೆವು. ಎರಡು ನಿಮಿಷ ದಾಟಿದ ಮೇಲೆ ಎಸಿ ತಾನಾಗಿ ಎದ್ದು 111ರಲ್ಲಿ ನಿಂತಿತು. ಸ್ನಾನದ ನೀರನ್ನು ಗ್ಯಾಸಿನಲ್ಲಿ ಕಾಯಿಸಿದೆವು. ಆ ರಾತ್ರಿ ಅಪ್ಪ ಎರಡು ಸಲ ಎದ್ದು ಹೋಗಿ ಆ ಅಂಕಿಯನ್ನು ನೋಡಿ ಬಂದು ಮಲಗಿದರು.