ಅರ್ಧ ಕರಿಹಲಗೆ

ನಮ್ಮ ರಾತ್ರಿ ಶಾಲೆಯ ಸಂಚಿಕೆಗೆ ಏನಾದ್ರೂ ಬರೆದು ಕೊಡಿ ಅಂತ ಸಂಪಾದಕರು ಮೂರು ಸಲ ಫೋನ್ ಮಾಡಿದರು. "ನೀವು ಕಂಪನಿ ಇಂಜಿನಿಯರುಗಳಿಗೇ ಪಾಠ ಮಾಡಿದವರು, ಅದನ್ನೇ ಬರೀರಿ" ಅಂದರು. ಶಾಲೆಯ ನೆನಪು ಬರೆಯಲೋ, ಜಾವಾ ಅನ್ನುವ ಕಂಪ್ಯೂಟರ್ ಭಾಷೆಯ ಪಾಠದ ಕಥೆ ಬರೆಯಲೋ ಎಂದು ಎರಡು ದಿನ ಒದ್ದಾಡಿದೆ. ಕೊನೆಗೆ ನೋಡಿದರೆ ಎರಡೂ ಒಂದೇ ಕರಿಹಲಗೆಯ ಹತ್ತಿರ ಬಂದು ನಿಂತವು.

ನಾನು ಮುಂಬಯಿಗೆ ಬಂದದ್ದು 1986ರಲ್ಲಿ, ಏಳನೇ ಕ್ಲಾಸು ಮುಗಿಸಿ. ಆಗ ಕೊಂಕಣ ರೈಲು ಇರಲಿಲ್ಲ. ಉಡುಪಿಯಿಂದ ಬಸ್ಸು, ಒಂದು ಹಗಲು ಒಂದು ರಾತ್ರಿ. ಫೋರ್ಟಿನ ಹೋಟೆಲೊಂದರಲ್ಲಿ ಕ್ಲೀನರ್ ಆಗಿ ಸೇರಿದೆ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಕೆಲಸ, ಏಳಕ್ಕೆ ನಮ್ಮ ರಾತ್ರಿ ಶಾಲೆ. ಕೈಯಲ್ಲಿ ಸಾಂಬಾರಿನ ವಾಸನೆ ಹೋಗಿರುತ್ತಿರಲಿಲ್ಲ. ಪಕ್ಕದಲ್ಲಿ ಕೂತವನ ಕೈಗೂ ಅದೇ ವಾಸನೆ, ಹಾಗಾಗಿ ಯಾರಿಗೂ ನಾಚಿಕೆ ಇರಲಿಲ್ಲ.

ಕಟ್ಟಡ ನಮ್ಮದಾಗಿರಲಿಲ್ಲ. ಹಗಲು ಅಲ್ಲಿ ಸಣ್ಣ ಮಕ್ಕಳ ಮರಾಠಿ ಶಾಲೆ. ಬೆಂಚುಗಳೂ ಆ ಮಕ್ಕಳ ಅಳತೆಯವೇ. ಮೀಸೆ ಬಂದ ನಮ್ಮ ಕೆಲವರು ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂರುತ್ತಿದ್ದರು. ಕರಿಹಲಗೆಯ ಎಡ ಅರ್ಧದಲ್ಲಿ ಹಗಲಿನ ಟೀಚರು ಮರುದಿನದ ಪಾಠ ಬರೆದು, ಸುತ್ತ ಚೌಕ ಹಾಕಿ, ಮೂಲೆಯಲ್ಲಿ "ಪುಸೂ ನಕಾ" ಅಂತ ಬರೆದಿರುತ್ತಿದ್ದರು. ಅಂದರೆ ಅಳಿಸಬೇಡಿ. ನನಗೆ ಓದಲು ಬಂದ ಮೊದಲ ಮರಾಠಿ ಅದು.

ಉಳಿದ ಅರ್ಧದಲ್ಲಿ ನಮ್ಮ ಗಣಿತದ ಮಾಸ್ಟ್ರು ಎಂಟನೇ ಕ್ಲಾಸಿನ ಲೆಕ್ಕ ಮುಗಿಸಬೇಕಿತ್ತು. ಹಗಲು ಬ್ಯಾಂಕಿನಲ್ಲಿ ಗುಮಾಸ್ತರು, ಸಂಜೆ ನಮಗೆ ಮಾಸ್ಟ್ರು. ಬಂದ ಕೂಡಲೇ ಪುಸ್ತಕ ತೆರೆದವರಲ್ಲ. "ಇವತ್ತು ಹೋಟ್ಲಲ್ಲಿ ಏನಾಯ್ತು ಹೇಳಿ" ಅನ್ನುತ್ತಿದ್ದರು. ಯಾರೋ "ಎರಡು ಪ್ಲೇಟ್ ಒಡೆದೆ ಸರ್, ಸಂಬಳದಲ್ಲಿ ಹಿಡಿದ್ರು" ಅಂದರೆ ಅಲ್ಲಿಂದಲೇ ಶೇಕಡಾವಾರು ನಷ್ಟ ಶುರು. ಚಹಾದ ಹಾಲಿಗೆ ನೀರು ಬೆರೆಸಿದ ಸುದ್ದಿ ಬಂದರೆ ಅವತ್ತು ಮಿಶ್ರಣದ ಲೆಕ್ಕ. ಹಲಗೆ ಅರ್ಧವೇ ಇದ್ದದ್ದರಿಂದ ಅಕ್ಷರ ಸಣ್ಣ. ಬೇಕಾದದ್ದು ಮಾತ್ರ ಬರೆಯುತ್ತಿದ್ದರು.

ಹತ್ತನೇ ಕ್ಲಾಸು, ರಾತ್ರಿ ಕಾಲೇಜು, ಬಿ.ಕಾಂ., ದಾದರಿನಲ್ಲಿ ಕಂಪ್ಯೂಟರ್ ಕ್ಲಾಸು, ಆಮೇಲೆ 2000ನೇ ಇಸವಿ ಬಂದರೆ ಕಂಪ್ಯೂಟರುಗಳ ತಾರೀಖು ತಪ್ಪುತ್ತದೆ ಎಂಬ ವೈ2ಕೆ ಗಡಿಬಿಡಿಯಲ್ಲಿ ಸಿಕ್ಕ ಕೆಲಸ. ಇದನ್ನೆಲ್ಲ ಉದ್ದ ಬರೆಯುವುದಿಲ್ಲ, ನಿಮ್ಮಲ್ಲಿ ತುಂಬ ಜನರ ಕಥೆಯೂ ಅದೇ ಅಲ್ವಾ. 2001ರಲ್ಲಿ ಅಂಧೇರಿಯ ಒಂದು ತರಬೇತಿ ಸಂಸ್ಥೆಯಲ್ಲಿ ಪಾಠ ಮಾಡಲು ಸೇರಿದೆ. ವಿಷಯ ಎಂಟರ್‌ಪ್ರೈಸ್ ಜಾವಾಬೀನ್ಸ್. ಬಾಯಿಮಾತಲ್ಲಿ ಇಜೆಬಿ.

ಏನದು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಬ್ಯಾಂಕು, ವಿಮೆ ಇಂಥ ಕಡೆ ಪ್ರೋಗ್ರಾಂ ಒಂದೇ ಯಂತ್ರದಲ್ಲಿ ಕೂತಿರುವುದಿಲ್ಲ. ಒಂದು ಭಾಗ ಇಲ್ಲಿ, ಇನ್ನೊಂದು ಅಲ್ಲಿ, ಡೇಟಾಬೇಸ್ ಮತ್ತೆಲ್ಲೋ. ಇವನ್ನು ನೆಟ್‌ವರ್ಕ್ ಮೇಲೆ ಮಾತಾಡಿಸುವುದು, ಯಾರು ಒಳಗೆ ಬರಬಹುದು ಅಂತ ನೋಡುವುದು, ಹಣದ ವ್ಯವಹಾರ ಅರ್ಧಕ್ಕೆ ನಿಂತರೆ ಹಿಂದಕ್ಕೆ ಹಾಕುವುದು, ಇದನ್ನೆಲ್ಲ ಮೊದಲು ಎಷ್ಟೋ ತಂಡಗಳು ತಾವೇ ಬರೆದುಕೊಳ್ಳುತ್ತಿದ್ದವು. ವ್ಯವಹಾರದ ಭಾಗ ಮಾತ್ರ ನೀವು ಬರೆಯಿರಿ (ಅದಕ್ಕೆ ಬೀನ್ ಅಂತ ಹೆಸರು), ಮಿಕ್ಕಿದ್ದನ್ನು ಸರ್ವರಿನೊಳಗಿನ ಕಂಟೇನರ್ ನೋಡಿಕೊಳ್ಳುತ್ತದೆ ಎಂಬುದು ಇಜೆಬಿಯ ಮಾತು. ಸನ್ ಕಂಪನಿ ಮೊದಲ ಆವೃತ್ತಿ ತಂದದ್ದು 1998ರಲ್ಲಿ. ನಾನು ಸೇರಿದ ವರ್ಷವೇ 2.0 ಬಂತು.

ಕೇಳಲು ಚೆನ್ನಾಗಿತ್ತು. ಬರೆಯಲು ಕೂತರೆ, "ನಮಸ್ಕಾರ" ಅನ್ನುವ ಒಂದು ಬೀನ್‌ಗೂ ಹೋಮ್ ಇಂಟರ್‌ಫೇಸ್ ಒಂದು, ರಿಮೋಟ್ ಇಂಟರ್‌ಫೇಸ್ ಒಂದು, ಬೀನ್ ಕ್ಲಾಸ್ ಒಂದು, ಅದರ ಮೇಲೆ ಕಂಟೇನರಿಗೆ ಸೂಚನೆ ಬರೆದಿಡುವ, ಡಿಪ್ಲಾಯ್‌ಮೆಂಟ್ ಡಿಸ್ಕ್ರಿಪ್ಟರ್ ಅನ್ನುವ ಎಕ್ಸ್‌ಎಂಎಲ್ ಫೈಲು. ಅದರಲ್ಲಿ ಒಂದು ಅಕ್ಷರ ತಪ್ಪಿದರೂ ಮಾರುದ್ದದ ಎರರ್. ಸರ್ವರ್ ಏಳುವಷ್ಟರಲ್ಲಿ ಕೆಳಗೆ ಹೋಗಿ ಕಟಿಂಗ್ ಚಾಯ್ ಕುಡಿದು ಬರಬಹುದಿತ್ತು.

ಮೊದಲ ಬ್ಯಾಚಿನಲ್ಲಿ ನಾನು ಪೂರಾ ಸೋತೆ. ಕೊಟ್ಟ ಸ್ಲೈಡುಗಳನ್ನು ಓದುತ್ತಾ ಹೋದೆ. ಎರಡನೇ ದಿನ ಊಟವಾದ ಮೇಲೆ ಹಿಂದಿನ ಸಾಲು ನಿದ್ದೆ. ಒಬ್ಬ ಹುಡುಗ ಮಾತ್ರ ಕೇಳಿದ, ಒಂದು ಕೆಲಸಕ್ಕೆ ಮೂರು ಫೈಲು ಯಾಕೆ ಸರ್ ಅಂತ. "ನಿಯಮ ಹಾಗಿದೆ" ಅಂದೆ. ಅವನು ಸುಮ್ನೆ ತಲೆ ಆಡಿಸಿದ. ಆ ತಲೆ ಆಡಿಸಿದ್ದು ಲೋಕಲ್ ಟ್ರೈನಿನಲ್ಲಿ ದಾದರ್ ತನಕ ನನ್ನ ಜೊತೆ ಬಂತು. ನಮ್ಮ ಮಾಸ್ಟ್ರು ಆ ಉತ್ತರ ಯಾವತ್ತೂ ಕೊಟ್ಟಿರಲಿಲ್ಲ.

ಮರುದಿನ ಸ್ಲೈಡ್ ಮುಚ್ಚಿ ಹೋಟೆಲಿನಿಂದ ಶುರು ಮಾಡಿದೆ. ಗಿರಾಕಿ ಅಡುಗೆಮನೆಗೆ ನುಗ್ಗುವುದಿಲ್ಲ, ಸರಿ ತಾನೇ? ಅವನ ಕೈಯಲ್ಲಿರುವುದು ಮೆನು ಕಾರ್ಡು, ಏನೇನು ಕೇಳಬಹುದು ಅನ್ನುವ ಪಟ್ಟಿ. ಅದು ರಿಮೋಟ್ ಇಂಟರ್‌ಫೇಸ್. ಬಾಗಿಲಲ್ಲಿ ನಿಂತು ಟೇಬಲ್ ತೋರಿಸಿ ಸಪ್ಲೈಯರನ್ನು ಕಳಿಸುವವನು ಹೋಮ್. ನಿಜವಾಗಿ ದೋಸೆ ಹುಯ್ಯುವ ಭಟ್ರು ಬೀನ್ ಕ್ಲಾಸ್. ಗಲ್ಲಾದ ಹಿಂದಿನ ಗೋಡೆಗೆ ಮಾಲಕರು ಅಂಟಿಸಿದ ಚೀಟಿಗಳು ಆ ಎಕ್ಸ್‌ಎಂಎಲ್ ಫೈಲು. ಸ್ಟೇಟ್‌ಲೆಸ್ ಬೀನ್ ಅಂದರೆ ಹೊರಗಿನ ಹಾಲ್‌ನಲ್ಲಿ ಓಡಾಡುವ ಸಪ್ಲೈಯರ್, ಯಾರು ಬಂದರೂ ನಡೆಯುತ್ತದೆ, ಪ್ಲೇಟ್ ಇಟ್ಟ ಮೇಲೆ ನಿಮ್ಮನ್ನು ಮರೆಯುತ್ತಾನೆ. ಸ್ಟೇಟ್‌ಫುಲ್ ಅಂದರೆ ಫ್ಯಾಮಿಲಿ ರೂಮಿನವನು, ಬಿಲ್ ಆಗುವ ತನಕ ನಿಮ್ಮ ಲೆಕ್ಕ ಅವನ ತಲೆಯಲ್ಲೇ. ಹಿಂದಿನ ಸಾಲು ಎದ್ದು ಕೂತಿತು.

ಆದರೆ ನನಗೆ ಹೆಚ್ಚು ಇಷ್ಟ ನಡೆಯುವ ಆಟ. ಒಬ್ಬನನ್ನು ಬಾಗಿಲ ಹತ್ತಿರ ಸರ್ವರ್ ಆಗಿ ನಿಲ್ಲಿಸುತ್ತಿದ್ದೆ. ಅವನ ಕೈಯಲ್ಲಿ ಒಂದು ಕಾಗದ, ಅದರಲ್ಲಿ ಒಬ್ಬ ಗ್ರಾಹಕನ 12 ವಿವರ. ಇನ್ನೊಬ್ಬ ಕ್ಲೈಂಟ್, ಅಂದರೆ ಕೇಳುವವನು, ಹಿಂದಿನ ಬೆಂಚಿನಲ್ಲಿ. ಒಂದು ಸಲ ಹೋದರೆ ಒಂದೇ ವಿವರ ಕೇಳಬೇಕು, ಬಂದು ಬರೆದುಕೊಳ್ಳಬೇಕು, ಮತ್ತೆ ಹೋಗಬೇಕು. ಮೊದಲ ಸಲ ಆಡಿದ ಹುಡುಗ ಎತ್ತರದವನು, ಹೆಸರು ಕೇಳಿ ಬಂದ, ಖಾತೆ ನಂಬರು ಕೇಳಿ ಬಂದ, ಊರು ಕೇಳಿ ಬಂದ. ಏಳನೇ ಸುತ್ತಿಗೆ ಕ್ಲಾಸು ನಗುತ್ತಿತ್ತು. ಅವನು ನಿಂತುಬಿಟ್ಟ. "ಸರ್, ಪೂರಾ ಕಾಗಜ್ ಹೀ ದೇ ದೋ ನಾ!" ಅಂದ. ಇಡೀ ಕಾಗದವನ್ನೇ ಒಂದೇ ಸಲಕ್ಕೆ ಕೊಡುವುದಕ್ಕೆ ವ್ಯಾಲ್ಯೂ ಆಬ್ಜೆಕ್ಟ್ ಅನ್ನುತ್ತಾರೆ. ಅದನ್ನು ಕಂಡುಹಿಡಿದದ್ದು ಅವನು, ಹೆಸರು ಮಾತ್ರ ನಾನು ಹೇಳಿದೆ. 40 ಗ್ರಾಹಕರ ಪಟ್ಟಿ ತೋರಿಸಲು ಹೀಗೆ ನಡೆದರೆ 480 ಸುತ್ತು. ಹೊಸದಾಗಿ ಸಪ್ಲೈಯರ್ ಆದಾಗ ನಾನೂ ಇಡ್ಲಿಗೊಂದು ಸಲ, ಚಟ್ನಿಗೊಂದು ಸಲ, ಚಮಚಕ್ಕೊಂದು ಸಲ ಹೋಗುತ್ತಿದ್ದೆ. "ಸಂಬಳ ಕಾಲಿಗೆ ಕೊಡುವುದಾ, ಕೈಗಾ?" ಅಂತ ಭಟ್ರು ಒಳಗಿಂದ ಕೂಗುತ್ತಿದ್ದರು.

ಪಾಠ ಇಂಗ್ಲಿಷಿನಲ್ಲಿ, ಜೋಕು ಹಿಂದಿಯಲ್ಲಿ. ಲೆಕ್ಕ ಮಾತ್ರ ನನ್ನ ತಲೆಯಲ್ಲಿ ಇವತ್ತಿಗೂ ಕನ್ನಡದಲ್ಲೇ ಆಗುವುದು.

ಒಂದು ತಪ್ಪನ್ನೂ ಬರೆಯಬೇಕು. ಪ್ರೋಗ್ರಾಂ ಯಾವುದೇ ಎಕ್ಸೆಪ್ಶನ್, ಅಂದರೆ ನಡುವೆ ಏನೋ ತಪ್ಪಿತು ಅನ್ನುವ ಸೂಚನೆ, ಎಸೆದರೂ ಕಂಟೇನರ್ ವ್ಯವಹಾರವನ್ನು ಹಿಂದಕ್ಕೆ ಹಾಕುತ್ತದೆ ಎಂದು ಒಂದು ಬ್ಯಾಚಿಗೆ ಧೈರ್ಯವಾಗಿ ಹೇಳಿಬಿಟ್ಟೆ. ಮರುದಿನ ಲ್ಯಾಬಿನಲ್ಲಿ ಒಬ್ಬಳು ಹುಡುಗಿ 500 ರೂಪಾಯಿ ವರ್ಗಾವಣೆ ಬರೆದಳು. ಮೊದಲು ಎರಡನೇ ಖಾತೆಗೆ ಜಮಾ, ಆಮೇಲೆ ಮೊದಲನೆಯದರಲ್ಲಿ ಬಾಕಿ ನೋಡಿ, ಸಾಲದಿದ್ದರೆ ತಾನೇ ಮಾಡಿದ ಎಕ್ಸೆಪ್ಶನ್. ಬಾಕಿ ಸಾಲಲಿಲ್ಲ, ಎಕ್ಸೆಪ್ಶನ್ ಬಂತು. ಡೇಟಾಬೇಸಿನ ಟೇಬಲ್ ತೆಗೆದು ನೋಡಿದರೆ ಜಮಾ ಆದ 500 ಅಲ್ಲೇ ಕೂತಿದೆ! ಯಾರ ಖಾತೆಯಿಂದಲೂ ಹೋಗಿಲ್ಲ. ಹಣ ಹುಟ್ಟಿಬಿಟ್ಟಿತ್ತು. ರಾತ್ರಿ ನಿಯಮದ ಪುಟಗಳನ್ನು ಸರಿಯಾಗಿ ಓದಿದೆ. ಡೇಟಾಬೇಸ್ ಕೈಕೊಟ್ಟಂಥ ಸಿಸ್ಟಂ ಎಕ್ಸೆಪ್ಶನ್ ಆದರೆ ಕಂಟೇನರ್ ತಾನೇ ರದ್ದು ಮಾಡುತ್ತದೆ. ನಾವೇ ಮಾಡಿಕೊಂಡ ಅಪ್ಲಿಕೇಶನ್ ಎಕ್ಸೆಪ್ಶನ್ ಆದರೆ ಮಾಡುವುದಿಲ್ಲ. ಸೆಟ್‌ರೋಲ್‌ಬ್ಯಾಕ್‌ಓನ್ಲಿ ಅಂತ ನಾವೇ ಹೇಳಬೇಕು.

ಮರುದಿನ ಕ್ಲಾಸಿಗೆ ಹೋಗುವಾಗ ಹೊಟ್ಟೆಯೊಳಗೆ ಕಸಿವಿಸಿ. ಆಗ ನೆನಪಾದದ್ದು ಮಾಸ್ಟ್ರು ಒಂದು ಸಂಜೆ ಹಾಜರಿಗೂ ಮೊದಲೇ ಎದ್ದು ನಿಂತು, "ನಿನ್ನೆ ಬಡ್ಡಿ ಲೆಕ್ಕದಲ್ಲಿ ನಾನು ತಪ್ಪಿದ್ದೆ ಮಾರಾಯ್ರೇ, ಎಲ್ಲರೂ ಗೀಟು ಹಾಕಿ" ಅಂದದ್ದು. ತಪ್ಪು ಹಿಡಿದವನು ನಮ್ಮ ಹೋಟೆಲಿನದೇ ಕ್ಲೀನರ್ ಹುಡುಗ. ಆ ವಾರವಿಡೀ ಅವನು ನೆಲದ ಮೇಲೆ ನಡೆದಿದ್ದನ್ನು ನಾನು ನೋಡಿಲ್ಲ. ನಾನೂ ಬೋರ್ಡಿನ ಮೇಲೆ ನನ್ನ ಹಳೆಯ ವಾಕ್ಯ ಬರೆದು, ಅದಕ್ಕೊಂದು ಗೀಟು ಎಳೆದೆ.

ಆಮೇಲಿನದು ಬೇಗ ಮುಗಿಯುತ್ತದೆ. ಎಂಟಿಟಿ ಬೀನ್ ಅನ್ನುವುದೊಂದಿತ್ತು, ಡೇಟಾಬೇಸಿನ ಸಾಲುಗಳನ್ನು ಬೀನ್ ಮಾಡುವ ವಿದ್ಯೆ. ಅದನ್ನು ನಾನು ಪಾಠ ಮಾಡಿದ್ದೇನೆಯೇ ಹೊರತು ಒಮ್ಮೆಯೂ ಮೆಚ್ಚಲಿಲ್ಲ. 2006ರಲ್ಲಿ ಇಜೆಬಿ 3.0 ಬಂದಾಗ ಹೋಮ್ ಇಂಟರ್‌ಫೇಸ್ ಬರೆಯುವ ಗೋಜು ತಪ್ಪಿತು. ಒಂದು ಸಾದಾ ಇಂಟರ್‌ಫೇಸ್, ಜೊತೆಗೆ ಸಾದಾ ಜಾವಾ ಕ್ಲಾಸಿನ ತಲೆಯ ಮೇಲೆ ಸ್ಟೇಟ್‌ಲೆಸ್ ಅಂತ ಒಂದು ಗುರುತು ಹಾಕಿದರೆ ಸಾಕಾಯಿತು. ಮೂರು ಫೈಲು ಯಾಕೆ ಎಂದು ಕೇಳಿದ ಹುಡುಗ ಗೆದ್ದ. ಐದು ದಿನದ ಪಾಠ ಎರಡು ದಿನಕ್ಕೆ ಇಳಿಯಿತು, ನನ್ನ ಸಂಪಾದನೆಯೂ ಇಳಿಯಿತು! 2010ರಲ್ಲಿ ಸನ್ ಕಂಪನಿ ಒರಾಕಲ್ ಪಾಲಾಯಿತು. ಈಗ ಇಜೆಬಿಯ ಹೆಸರೇ ಜಕಾರ್ತಾ ಎಂಟರ್‌ಪ್ರೈಸ್ ಬೀನ್ಸ್. ಇವತ್ತಿನ ಹುಡುಗರು ಪ್ರೋಗ್ರಾಮನ್ನು ಸಣ್ಣ ಸಣ್ಣ ತುಂಡು ಮಾಡಿ ಬೇರೆ ಬೇರೆಯಾಗಿ ಓಡಿಸುತ್ತಾರೆ, ಅದಕ್ಕೆ ಮೈಕ್ರೋಸರ್ವಿಸ್ ಅನ್ನುತ್ತಾರೆ, ಮತ್ತೆ ಅದೇ 480 ಸುತ್ತು ನಡೆಯುತ್ತಾರೆ.

ಮಾಸ್ಟ್ರು ನಿವೃತ್ತರಾಗಿ ಡೊಂಬಿವಲಿಯಲ್ಲಿದ್ದರು. ಒಮ್ಮೆ ಹೋಗಿದ್ದೆ. ನೀನು ಪಾಠ ಮಾಡೋದಾದ್ರೂ ಏನು ಅಂತ ಕೇಳಿದರು. ಟ್ರಾನ್ಸಾಕ್ಷನ್ ಬಗ್ಗೆ ಹೇಳಿದೆ, ಎರಡೂ ಕಡೆ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದು ಅಂತ. "ಅದು ನಮ್ಮ ಲೆಡ್ಜರು ಅಲ್ವಾ, ಹೊಸತೇನುಂಟು?" ಅಂದರು. ಹತ್ತು ಪೈಸೆ ಹೆಚ್ಚುಕಮ್ಮಿ ಬಂದರೂ ಬ್ಯಾಂಕಿನಲ್ಲಿ ಯಾರೂ ಮನೆಗೆ ಹೋಗುವಂತಿರಲಿಲ್ಲವಂತೆ. ಕೆಲವು ಸಂಜೆ ಅವರು ಎಂಟಕ್ಕೆ ಏದುಸಿರು ಬಿಡುತ್ತಾ ಬರುತ್ತಿದ್ದದ್ದು ಯಾಕೆ ಅಂತ ಅವತ್ತು ಗೊತ್ತಾಯಿತು.

ಬೀನ್ ಬರೆಯುವವರಿಗೆ ಇನ್ನೊಂದು ನಿಯಮವಿದೆ. ಕಂಟೇನರಿನೊಳಗೆ ನೀವಾಗಿ ಥ್ರೆಡ್, ಅಂದರೆ ಜೊತೆಜೊತೆಗೆ ನಡೆಯುವ ಇನ್ನೊಂದು ಕೆಲಸದ ಎಳೆ, ಶುರು ಮಾಡಬಾರದು. 2013ರ ತನಕ ನೇರವಾಗಿ ಫೈಲಿಗೂ ಕೈ ಹಾಕುವಂತಿರಲಿಲ್ಲ. ಯಾಕೆ ಅಂತ ಎಲ್ಲ ಬ್ಯಾಚಿನಲ್ಲೂ ಯಾರಾದರೊಬ್ಬರು ಕೇಳುತ್ತಾರೆ. ಕಟ್ಟಡ ನಿಮ್ಮದಲ್ಲ ಅನ್ನುತ್ತೇನೆ.

ಹೋದ ವರ್ಷ ಪುಣೆಯ ಹಿಂಜವಡಿಯಲ್ಲಿ ಎರಡು ದಿನದ ಕ್ಲಾಸಿತ್ತು. ರೂಮಿಗೆ ಹೋದರೆ ಬಿಳಿ ಬೋರ್ಡಿನ ಅರ್ಧದಲ್ಲಿ ಯಾರದೋ ಡಬ್ಬಿ, ಬಾಣ, ಸುತ್ತ ಚೌಕ, ಮೂಲೆಯಲ್ಲಿ ಡು ನಾಟ್ ಇರೇಸ್. ಮುಂದಿನ ಸಾಲಿನ ಹುಡುಗನೊಬ್ಬ ಡಸ್ಟರ್ ಹಿಡಿದು ಎದ್ದ. ಇರಲಿ ಬಿಡು ಅಂದು, ಉಳಿದ ಅರ್ಧದಲ್ಲಿ ಸಣ್ಣ ಅಕ್ಷರದಲ್ಲಿ ಬರೆಯಲು ಶುರು ಮಾಡಿದೆ.